ಕುಂಡದ ಗಿಡಗಳಲ್ಲಿ ನೊರಜು: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಜೂನ್ ಬಂತು ಅಂದರೆ ಕೊಡಗಿನಲ್ಲಿ ಗಿಡ ಸಾಕುವವರ ಜಗಲಿ ತುಂಬಿಹೋಗುತ್ತದೆ. ಅಂಗಳದಲ್ಲಿದ್ದ ಬಿಗೋನಿಯಾ, ಜಿರೇನಿಯಂ, ಆಂಥೂರಿಯಂ ಎಲ್ಲ ಮಳೆಗೆ ಕೊಳೆಯದಿರಲಿ ಅಂತ ಸೂರಿನೊಳಗೆ ಬರುತ್ತವೆ. ಹಿಂದೆಯೇ ನೊರಜೂ, ಅಂದರೆ ಒದ್ದೆ ಮಣ್ಣಿನಲ್ಲಿ ಹುಟ್ಟಿ ಹಾರುವ ಸಣ್ಣ ಕಪ್ಪು ಹುಳುವೂ, ಬರುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೆ ಸಾಕು: ಕುಂಡದ ಮೇಲಿನ ಎರಡು ಅಂಗುಲ ಮಣ್ಣು ಒಣಗಬೇಕು. ಒಣಗದ ಕಾಲದಲ್ಲಿ ಏನು ಮಾಡಬೇಕು ಅನ್ನುವುದೇ ಉಳಿದ ಕಥೆ.

ಹಾರುತ್ತಿರುವುದು ನೊರಜೇ ಅಂತ ಹೇಗೆ ಗೊತ್ತಾಗುತ್ತದೆ?

ಕುಂಡದ ಅಂಚನ್ನು ಬೆರಳಿನಿಂದ ಎರಡು ಸಲ ತಟ್ಟಿ. ಮಣ್ಣಿನಿಂದ ನಾಲ್ಕಾರು ಸಣ್ಣ ಕಪ್ಪು ಹುಳು ಎದ್ದು, ಗೇಣುದ್ದ ಮೇಲಕ್ಕೆ ಅಡ್ಡಾದಿಡ್ಡಿ ಹಾರಿ, ಮತ್ತೆ ಅದೇ ಮಣ್ಣಿಗೋ ಪಕ್ಕದ ಎಲೆಗೋ ಬಂದು ಕೂತರೆ ಅದು ನೊರಜೇ. ಉದ್ದ 2ರಿಂದ 4 ಮಿಲಿಮೀಟರ್ ಅಷ್ಟೇ. ಮೈ ಕಪ್ಪು ಅಥವಾ ಕಡು ಬೂದು ಬಣ್ಣ, ಕಾಲು ಸಪೂರ ಮತ್ತು ಉದ್ದ, ಮೀಸೆಯೂ ಉದ್ದ. ಹಾರುವುದರಲ್ಲಿ ಸೋಮಾರಿ. ಮಣ್ಣಿನ ಮೇಲೆ, ಕುಂಡದ ಅಂಚಿನ ಮೇಲೆ ಗಡಿಬಿಡಿಯಿಂದ ಓಡಾಡುವುದೇ ಜಾಸ್ತಿ. ಭೂತಗನ್ನಡಿ ಇದ್ದರೆ ರೆಕ್ಕೆ ನೋಡಿ, ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದ ನರ ಕಾಣುತ್ತದೆ. ಗೊಬ್ಬರದ ಅಂಗಡಿಯಲ್ಲೋ ಯೂಟ್ಯೂಬಿನಲ್ಲೋ ಫಂಗಸ್ ನ್ಯಾಟ್ ಅನ್ನುವುದು ಇದಕ್ಕೇ.

ಬೇರೆಯವನ್ನು ನೊರಜು ಅಂದುಕೊಂಡು ಕುಂಡಕ್ಕೆ ಔಷಧಿ ಹಾಕುವವರು ಬಹಳ ಜನ. ಬಾಳೆಗೊನೆಯ ಸುತ್ತ ಹಾರುವ, ಕಂದು ಮೈ, ಕೆಂಪು ಕಣ್ಣಿನ ದುಂಡನೆಯದು ಹಣ್ಣಿನ ನೊಣ. ಬಚ್ಚಲ ಗೋಡೆಗೆ ಅಂಟಿ ಕೂರುವ, ರೆಕ್ಕೆ ತುಂಬ ರೋಮ ಇರುವುದು ಮೋರಿಯಿಂದ ಬಂದದ್ದು. ಗಿಡ ಅಲ್ಲಾಡಿಸಿದಾಗ ಎಲೆಯ ಅಡಿಯಿಂದ ಬೆಳ್ಳಗೆ ಹಾರಿದರೆ ಬಿಳಿ ನೊಣ, ಅದರ ಚಿಕಿತ್ಸೆಯೇ ಬೇರೆ. ನೀರು ಹಾಕಿದ ಕೂಡಲೇ ಮಣ್ಣಿನ ಮೇಲೆ ಟಪಟಪ ನೆಗೆಯುವ ಬಿಳಿಯ ಪುಟ್ಟ ಜೀವಿಗಳು ಸ್ಪ್ರಿಂಗ್‌ಟೇಲ್. ಅವುಗಳಿಂದ ಗಿಡಕ್ಕೆ ತೊಂದರೆ ಇಲ್ಲ, ಆದರೆ ಮಣ್ಣು ಒದ್ದೆ ಜಾಸ್ತಿ ಅಂತ ಹೇಳುತ್ತಿವೆ ಅಂತ ತಿಳಿದುಕೊಳ್ಳಿ.

ಕಾಫಿ ಕೊಯ್ಲಿನ ಸಮಯದಲ್ಲಿ ಮನೆ ತುಂಬ ಸಣ್ಣ ನೊಣ ಆಗುತ್ತವಲ್ಲ, ಅವೂ ಇವೇನಾ?

ಹೆಚ್ಚಾಗಿ ಅಲ್ಲ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಪಕ್ಕದ ಸಿಪ್ಪೆ ರಾಶಿ ಹುಳಿ ಬಂದಾಗ ಏಳುವುದು ಹಣ್ಣಿನ ನೊಣ. ಕುಂಡ ತಟ್ಟಿ ನೋಡಿ. ಅಲ್ಲಿಂದ ಏನೂ ಏಳದಿದ್ದರೆ ಗಿಡಗಳ ತಂಟೆಗೆ ಹೋಗಬೇಡಿ, ಸಿಪ್ಪೆ ರಾಶಿಯನ್ನು ಮನೆಯಿಂದ ದೂರ ಹಾಕಿಸಿ.

ಇವು ಎಲ್ಲಿಂದ ಬರುತ್ತವೆ? ಕಿಟಕಿಗೆಲ್ಲ ಸೊಳ್ಳೆ ಪರದೆ ಇದೆ, ಆದರೂ ಬಂದಿವೆ.

ಬಹಳ ಸಲ ಮಣ್ಣಿನ ಜೊತೆಗೇ ಬರುತ್ತವೆ. ನರ್ಸರಿಯಿಂದ ತಂದ ಗಿಡ, ಬಾಯಿ ಬಿಚ್ಚಿಟ್ಟ ಎರೆಗೊಬ್ಬರದ ಚೀಲ, ಪೂರ್ತಿ ಕೊಳೆಯದ ಕಾಂಪೋಸ್ಟ್, ತೋಟದಿಂದ ಅಗೆದು ತಂದ ಕಾಡು ಮಣ್ಣು, ಇವುಗಳಲ್ಲಿ ಮೊಟ್ಟೆಯೋ ಮರಿಹುಳುವೋ ಮೊದಲೇ ಇರುತ್ತದೆ. ಹೊರಗಡೆ ಇವು ಇಲ್ಲದ ಜಾಗವೇ ಇಲ್ಲ ಅನ್ನಬಹುದು. ನೆರಳು, ಉದುರಿದ ಎಲೆ, ತೇವ, ಬೂಸ್ಟು, ಇವಿಷ್ಟೇ ಅವಕ್ಕೆ ಬೇಕಾದದ್ದು. ಕಾಫಿ ತೋಟದ ನೆಲ ಅಂದರೆ ಅದೇ ಅಲ್ವಾ? ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ಇಷ್ಟು ಸಣ್ಣ ಹುಳು ನುಸುಳಿಬಿಡುತ್ತದೆ.

ಕಚ್ಚುತ್ತವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಕಚ್ಚುವುದಿಲ್ಲ. ರಕ್ತ ಹೀರುವ ಬಾಯಿಯೇ ಅವಕ್ಕಿಲ್ಲ. ಸಂಜೆ ಹೊತ್ತು ತೋಟದಲ್ಲಿ ಕಚ್ಚಿ ತುರಿಕೆ ತರಿಸುವ ಸಣ್ಣ ಹುಳುಗಳು ಬೇರೆ ಜಾತಿ. ನೊರಜಿನ ಕಾಟ ಏನಿದ್ದರೂ ಮುಖದ ಮುಂದೆ ಸುಳಿದಾಡುವುದು, ಕಾಫಿ ಲೋಟಕ್ಕೆ ಬಿದ್ದು ಸಾಯುವುದು, ಕರೆಂಟು ಹೋದ ರಾತ್ರಿ ಉರಿಯುವ ಒಂದೇ ದೀಪಕ್ಕೆ ಮುತ್ತಿಕೊಳ್ಳುವುದು. ಹೋಂಸ್ಟೇ ನಡೆಸುವವರಿಗೆ ಇದು ತಲೆನೋವು. ಹೊರಗಿನ ಊರಿಂದ ಬಂದವರಿಗೆ ಎಲ್ಲವೂ ಸೊಳ್ಳೆಯೇ.

ಗಿಡ ಸಾಯುತ್ತದಾ?

ದೊಡ್ಡ, ಬೇರು ಬಲಿತ ಗಿಡ ಇದರಿಂದ ಸಾಯುವುದಿಲ್ಲ. ಹಾರುವ ನೊರಜು ಎಲೆ ತಿನ್ನುವುದೇ ಇಲ್ಲ. ತಿನ್ನುವುದು ಮಣ್ಣಿನೊಳಗಿನ ಮರಿಹುಳು. ಅದಕ್ಕೂ ಮೊದಲ ಆಯ್ಕೆ ಬೂಸ್ಟು, ಪಾಚಿ, ಕೊಳೆತ ಎಲೆ. ಮರಿಹುಳು ಜಾಸ್ತಿಯಾಗಿ ತಿನ್ನಲು ಸಾಲದಾದಾಗ ನವಿರು ಬೇರಿಗೆ ಬಾಯಿ ಹಾಕುತ್ತದೆ.

ಹೆದರಬೇಕಾದದ್ದು ಮೊಳಕೆ, ಎಳೆ ಸಸಿ, ಆಗಷ್ಟೇ ನೆಟ್ಟ ಕಡ್ಡಿ, ಇವುಗಳಿಗೆ. ಅವುಗಳ ಬೇರೇ ನಾಲ್ಕು ಎಳೆ. ಅದನ್ನೂ ತಿಂದರೆ ಉಳಿಯುವುದೇನು? ಬೇರಿಗೆ ಆದ ಗಾಯದಿಂದ ಪಿಥಿಯಂ, ಫ್ಯುಸೇರಿಯಂನಂಥ ಕೊಳೆ ರೋಗದ ರೋಗಾಣುಗಳೂ ಒಳಗೆ ಹೋಗುತ್ತವೆ. ನೀರು ಇದ್ದರೂ ಗಿಡ ಬಾಡಿದ ಹಾಗೆ ಕಂಡರೆ, ಕೆಳಗಿನ ಎಲೆ ಹಳದಿಯಾದರೆ, ಬೆಳವಣಿಗೆ ನಿಂತರೆ, ಗಿಡವನ್ನು ಮೆಲ್ಲಗೆ ಎತ್ತಿ ಬೇರು ನೋಡಿ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂದರೆ ಅದು ಕೊಳೆ. ಆಗ ನೊರಜು ನಿಮ್ಮ ಎರಡನೇ ಸಮಸ್ಯೆ, ಮೊದಲನೆಯದು ನೀರು.

ಹೊಡೆದು ಸಾಯಿಸಿದಷ್ಟೂ ಮತ್ತೆ ಬರುತ್ತವೆ, ಯಾಕೆ?

ಕಣ್ಣಿಗೆ ಕಾಣುವುದು ಸಂಸಾರದ ಒಂದು ಭಾಗ ಮಾತ್ರ. ಹೆಣ್ಣು ನೊರಜು ಒದ್ದೆ ಮಣ್ಣಿನ ಸಂದಿಯಲ್ಲಿ ನೂರರಿಂದ ಇನ್ನೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ನಾಲ್ಕಾರು ದಿನ. ಮರಿಹುಳು ಸುಮಾರು ಎರಡು ವಾರ ಮಣ್ಣಿನಲ್ಲಿ ತಿಂದು ಬೆಳೆಯುತ್ತದೆ. ಆಮೇಲೆ ನಾಲ್ಕಾರು ದಿನ ಕೋಶದೊಳಗೆ. ರೆಕ್ಕೆ ಬಂದ ಮೇಲೆ ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಒಟ್ಟು ಸುತ್ತು ಮೂರರಿಂದ ನಾಲ್ಕು ವಾರ. ಬಿಸಿಲು ನಾಡಿನಲ್ಲಿ ಇದು ಬೇಗ ಮುಗಿಯುತ್ತದೆ. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಸ್ವಲ್ಪ ನಿಧಾನ.

ಇವತ್ತು ಹಾರುವುದನ್ನೆಲ್ಲ ಹಿಡಿದರೂ ಮಣ್ಣಿನಲ್ಲಿ ಮುಂದಿನ ತಂಡ ತಯಾರಿರುತ್ತದೆ. ಅದಕ್ಕೇ ಮೇಲೂ ಕೆಳಗೂ ಒಟ್ಟಿಗೆ ಕೆಲಸ ಮಾಡಬೇಕು. ಹಾರುವುದಕ್ಕೆ ಹಳದಿ ಅಂಟು ಕಾಗದ, ಮಣ್ಣಿನಲ್ಲಿರುವುದಕ್ಕೆ ಒಣಗಿಸುವುದು ಅಥವಾ ಔಷಧಿ. ಒಂದೇ ವಾರ ಮಾಡಿ ಬಿಟ್ಟರೆ ಪಟ್ಟ ಶ್ರಮವೆಲ್ಲ ದಂಡ.

ಮಣ್ಣಿನಲ್ಲಿ ಮರಿಹುಳು ಇದೆಯೋ ಇಲ್ಲವೋ ನೋಡುವುದು ಹೇಗೆ?

ಆಲೂಗೆಡ್ಡೆ ಸಾಕು. ಸಿಪ್ಪೆ ತೆಗೆದು, ಒಂದು ಅಂಗುಲದ ತುಂಡು ಮಾಡಿ, ಕತ್ತರಿಸಿದ ಮುಖ ಕೆಳಗೆ ಬರುವ ಹಾಗೆ ಮಣ್ಣಿಗೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ಮೆಲ್ಲಗೆ ಮಗುಚಿ ನೋಡಿ. ಮರಿಹುಳು ಇದ್ದರೆ ಅಲ್ಲಿಗೆ ಬಂದು ಸೇರಿರುತ್ತದೆ. ದಾರದ ತುಂಡಿನಷ್ಟು ಸಪೂರ, ಮೈ ಗಾಜಿನಂತೆ ಪಾರದರ್ಶಕ, ತುದಿಯಲ್ಲಿ ಹೊಳೆಯುವ ಕಪ್ಪು ತಲೆ. ಹೊಟ್ಟೆಯೊಳಗೆ ತಿಂದ ಮಣ್ಣಿನ ಕಪ್ಪು ಗೆರೆಯೂ ಹೊರಗಿನಿಂದಲೇ ಕಾಣುತ್ತದೆ. ಬೆಳಕು ಬಿದ್ದ ತಕ್ಷಣ ಮೈ ಹೊರಳಿಸಿ ಮಣ್ಣಿಗಿಳಿಯಲು ನೋಡುತ್ತದೆ. ಆ ತುಂಡನ್ನು ಹುಳುವಿನ ಸಮೇತ ತೆಗೆದು ಸೋಪಿನ ನೀರಿಗೆ ಹಾಕಿ, ಹೊಸ ತುಂಡು ಇಡಿ. ಪರೀಕ್ಷೆಯೂ ಆಯಿತು, ಸ್ವಲ್ಪ ಹುಳು ಕಡಿಮೆಯೂ ಆಯಿತು. ಆದರೆ ತುಂಡು ಕೊಳೆಯುವವರೆಗೆ ಬಿಡಬೇಡಿ, ಆಗ ನೀವೇ ಅವಕ್ಕೆ ಊಟ ಹಾಕಿದ ಹಾಗೆ.

ಮೇಲಿನ ಮಣ್ಣು ಒಣಗಿಸಿ ಅಂತೀರಿ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಮಣ್ಣು ಹೇಗೆ ಒಣಗಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದದ್ದೂ ಹೌದು. ಬೆಂಗಳೂರಿನವರು ಬರೆದ ಸಲಹೆಯಲ್ಲಿ "ಬಿಸಿಲಿಗಿಡಿ, ಮೂರು ದಿನದಲ್ಲಿ ಒಣಗುತ್ತದೆ" ಅಂತ ಇರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೇಳುವುದೇ ಬೇಡ. ಕುಶಾಲನಗರದವರು ಈ ವಿಷಯದಲ್ಲಿ ಪುಣ್ಯವಂತರು.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲು ಜಗಲಿಯ ಅಂಚು ಬಿಡಿಸಿ. ಹಂಚಿನ ಸೂರಿನಿಂದ ಸಿಡಿಯುವ ನೀರು ಅಂಚಿನಿಂದ ಎರಡು ಮೂರು ಅಡಿ ಒಳಗೂ ಬರುತ್ತದೆ. ಕುಂಡಗಳನ್ನು ಹಿಂದಕ್ಕೆ ಸರಿಸಿ, ನೆಲಕ್ಕೆ ಬಿಡದೆ ಹಲಗೆಯ ಮೇಲೋ ಇಟ್ಟಿಗೆಯ ಮೇಲೋ ಇಡಿ, ಅಡಿಯಲ್ಲಿ ಗಾಳಿ ಆಡಲಿ. ಒಂದಕ್ಕೊಂದು ಅಂಟಿಸಿ ಜೋಡಿಸಬೇಡಿ.

ಎರಡನೆಯದು ನೀರು. ಜುಲೈಯಲ್ಲಿ ಜಗಲಿಯ ಗಿಡಕ್ಕೆ ಬೇಸಗೆಯ ಲೆಕ್ಕದಲ್ಲಿ ದಿನಾ ನೀರು ಹಾಕುವವರು ಈಗಲೂ ಇದ್ದಾರೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಮಣ್ಣಿನ ನೀರು ಆರುವುದಿಲ್ಲ, ಬಿಸಿಲಿಲ್ಲದೆ ಗಿಡವೂ ಹೆಚ್ಚು ಕುಡಿಯುವುದಿಲ್ಲ. ದೊಡ್ಡ ಕುಂಡಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಸಾಕಾಗಬಹುದು. ದಿನ ಎಣಿಸಬೇಡಿ, ಬೆರಳು ಹಾಕಿ ನೋಡಿ. ಬೆರಳಿನ ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಕುಂಡ ಎತ್ತಿ ನೋಡುವುದು ಇನ್ನೂ ಸುಲಭ. ನಾಲ್ಕು ಸಲ ಎತ್ತಿದರೆ ಕೈಗೇ ತೂಕ ಗೊತ್ತಾಗುತ್ತದೆ.

ಮೂರನೆಯದು, ನೀರನ್ನು ಕೆಳಗಿನಿಂದ ಕೊಡುವುದು. ಅಗಲದ ತಟ್ಟೆಯಲ್ಲಿ ನೀರು ಹಾಕಿ ಕುಂಡವನ್ನು ಅರ್ಧ ಗಂಟೆ ಇಡಿ, ತಳದ ತೂತಿನಿಂದ ಬೇಕಾದಷ್ಟು ಹೀರುತ್ತದೆ. ಆಮೇಲೆ ತೆಗೆದು ನೀರು ಚೆಲ್ಲಿ. ಬೇರಿಗೆ ನೀರು ಸಿಗುತ್ತದೆ, ಮೇಲ್ಮಣ್ಣು ಒಣಗಿಯೇ ಉಳಿಯುತ್ತದೆ. ತಟ್ಟೆಯಲ್ಲಿ ನೀರು ನಿಲ್ಲಲು ಬಿಟ್ಟರೆ ನೊರಜಿನ ಜೊತೆ ಡೆಂಗಿ ಸೊಳ್ಳೆಯನ್ನೂ ಸಾಕಿದಂತೆ.

ಇಷ್ಟು ಮಾಡಿಯೂ ಮಣ್ಣು ಒದ್ದೆಯಾಗಿಯೇ ಇದ್ದರೆ ಟೇಬಲ್ ಫ್ಯಾನ್ ಇಡಿ. ಗಾಳಿಗೆ ಮಣ್ಣೂ ಆರುತ್ತದೆ, ಸರಿಯಾಗಿ ಹಾರಲು ಬಾರದ ಈ ಹುಳುಗಳಿಗೆ ಮೊಟ್ಟೆಯಿಡಲು ಬಂದು ಇಳಿಯುವುದೂ ಕಷ್ಟ. ಕರೆಂಟು ಇದ್ದ ದಿನದ ಮಾತು ಇದು.

ಜರೀಗಿಡ, ಆಂಥೂರಿಯಂ ಎಲ್ಲ ಒಣಗಿಸಿದರೆ ಹೋಗೇಬಿಡುತ್ತವಲ್ಲ?

ಜರೀಗಿಡಕ್ಕೆ ಒಣಗಿಸುವ ಚಿಕಿತ್ಸೆ ಬೇಡ. ಅದಕ್ಕೆ ಅಂಟು, ಮರಳು, ಬಿಟಿಐ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ, ಮುಂದೆ ಹೇಳುತ್ತೇನೆ), ಈ ಮೂರೇ ದಾರಿ. ಆಫ್ರಿಕನ್ ವಯೊಲೆಟ್‌ಗೆ ಕೆಳಗಿನಿಂದ ನೀರು ಕೊಡಿ.

ಆಂಥೂರಿಯಂ ವಿಷಯ ಬೇರೆ. ಅದು ಮಣ್ಣನ್ನು ಕೇಳುವ ಗಿಡವೇ ಅಲ್ಲ. ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರು, ಇದ್ದಿಲು ಹಾಕಿ ಬೆಳೆಸಿದರೆ ನೀರು ಸರ್ರನೆ ಇಳಿದುಹೋಗುತ್ತದೆ, ನೊರಜಿಗೆ ಅಲ್ಲಿ ಸಂಸಾರ ಹೂಡಲು ಕಷ್ಟ. ಆರ್ಕಿಡ್‌ಗೂ ಇದೇ ಮಾತು. ಆಂಥೂರಿಯಂ ಕುಂಡದಲ್ಲಿ ನೊರಜು ಎದ್ದಿದೆ ಅಂದರೆ ಸಿಪ್ಪೆ ಹಳತಾಗಿ ಕೊಳೆತಿದೆ ಅಂತ ಅರ್ಥ. ಬದಲಿಸಿ.

ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಜೇಡ್ ಗಿಡ ಇವಕ್ಕೆ ಧೈರ್ಯವಾಗಿ ನೀರು ನಿಲ್ಲಿಸಿ. ಏನೂ ಆಗುವುದಿಲ್ಲ.

ಹಳದಿ ಅಂಟು ಕಾಗದ ಕೆಲಸ ಮಾಡುತ್ತದಾ?

ಮಾಡುತ್ತದೆ, ಅರ್ಧ ಕೆಲಸ. ಹಳದಿ ಬಣ್ಣ ಈ ಹುಳುಗಳನ್ನು ಸೆಳೆಯುತ್ತದೆ. ಮೊಟ್ಟೆಯಿಡುವ ಮೊದಲೇ ಹೆಣ್ಣು ಸಿಕ್ಕಿಬಿದ್ದರೆ ಅಷ್ಟು ಮೊಟ್ಟೆ ತಪ್ಪಿತು. ಜೊತೆಗೆ ಲೆಕ್ಕವೂ ಸಿಗುತ್ತದೆ: ಕಾಗದದ ಮೇಲೆ ತಾರೀಖು ಬರೆದಿಟ್ಟರೆ ಈ ವಾರ ಜಾಸ್ತಿಯಾಯಿತೋ ಕಡಿಮೆಯಾಯಿತೋ ಕಣ್ಣಿಗೇ ಕಾಣುತ್ತದೆ.

ಹೆಚ್ಚಿನವರು ಅದನ್ನು ಗಿಡದ ಮೇಲೆ ಎತ್ತರದಲ್ಲಿ ನೇತುಹಾಕುತ್ತಾರೆ. ನೊರಜು ಅಷ್ಟೆತ್ತರ ಹೋಗುವುದೇ ಕಡಿಮೆ. ಮಣ್ಣಿನ ಮಟ್ಟದಲ್ಲೇ, ಸಾಧ್ಯವಾದರೆ ಮಲಗಿಸಿ ಇಡಿ. ಮನೆಯಲ್ಲೇ ಮಾಡುವುದಾದರೆ ಹಳದಿ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ತೆಗೆದುಕೊಂಡು ಹರಳೆಣ್ಣೆ ಅಥವಾ ಗ್ರೀಸ್ ತೆಳುವಾಗಿ ಸವರಿ. ಧೂಳು ಕೂತಾಗ ಒರೆಸಿ ಮತ್ತೆ ಸವರಿದರಾಯಿತು. ಅಂಗಡಿಯ ದೊಡ್ಡ ಹಾಳೆಯನ್ನು ಹಾಗೆಯೇ ಇಡಬೇಡಿ, ಹುಳು ಹಿಡಿಯಲು ಬಂದ ಹಲ್ಲಿಮರಿಗಳೂ ಅಂಟಿಕೊಂಡು ಸಾಯುತ್ತವೆ. ಬೆಂಕಿಪೆಟ್ಟಿಗೆ ಅಳತೆಗೆ ಕತ್ತರಿಸಿ. ಹಲ್ಲಿ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿರುವುದು.

ಬಟ್ಟಲಲ್ಲಿ ವಿನೆಗರ್ ಇಡಿ ಅಂತಾರೆ. ಮನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಇದೆ, ಅದನ್ನೇ ಇಡಬಹುದಾ?

ಕಾಚಂಪುಳಿಯನ್ನು ಹುಳಕ್ಕೆ ಹಾಕುವಷ್ಟು ಅಗ್ಗ ಆಯಿತಾ? ಅದು ಪಂದಿ ಕರಿಗೇ ಇರಲಿ. ಹುಳಿ ವಾಸನೆಗೆ ಓಡಿ ಬರುವುದು ಹಣ್ಣಿನ ನೊಣ. ನೊರಜಿಗೆ ಬೇಕಾದದ್ದು ಒದ್ದೆ ಮಣ್ಣು ಮತ್ತು ಬೂಸ್ಟಿನ ವಾಸನೆ. ವಿನೆಗರ್ ಬಟ್ಟಲಿಗೆ ಒಂದೆರಡು ನೊರಜು ಬಿದ್ದಿರುವುದು ಕಂಡರೂ ಅದರಿಂದ ಕುಂಡ ಖಾಲಿಯಾಗುವುದಿಲ್ಲ. ಬಟ್ಟಲಲ್ಲಿ ರಾಶಿ ಬಿದ್ದಿದ್ದರೆ ನಿಮ್ಮ ಮನೆಯಲ್ಲಿರುವುದು ಹಣ್ಣಿನ ನೊಣವೇ.

ಮಣ್ಣಿನ ಮೇಲೆ ಮರಳು ಹಾಕಿದರೆ?

ಒಳ್ಳೆಯ ಉಪಾಯ, ಸರಿಯಾಗಿ ಮಾಡಿದರೆ. ತೊಳೆದ ದಪ್ಪ ಮರಳನ್ನು ಅರ್ಧ ಅಂಗುಲಕ್ಕೂ ಸ್ವಲ್ಪ ಜಾಸ್ತಿ, ಮಣ್ಣು ಒಂದಿಷ್ಟೂ ಕಾಣದ ಹಾಗೆ ಹರಡಿ. ಮರಳು ಬೇಗ ಒಣಗುತ್ತದೆ, ಮೊಟ್ಟೆಯಿಡಲು ಬಂದದ್ದು ಹಿಂದೆ ಹೋಗುತ್ತದೆ, ಒಳಗಿನಿಂದ ಬರುವುದಕ್ಕೂ ತಡೆ. ಮೇಲಿನಿಂದ ನೀರು ಸುರಿದರೆ ಮರಳು ಮಣ್ಣಿನಲ್ಲಿ ಕಲಸಿಹೋಗುತ್ತದೆ, ಹಾಗಾಗಿ ಕೆಳಗಿನಿಂದ ನೀರು ಕೊಡುವವರಿಗೇ ಇದು. ಹೊಳೆಯ ಚೆಂದದ ಬೆಣಚುಕಲ್ಲು ಹಾಕಿದರೆ ನೋಡಲು ಚೆನ್ನ, ಆದರೆ ಕಲ್ಲುಗಳ ನಡುವೆ ಸಂದಿ ಇರುತ್ತದೆ, ಕೆಳಗೆ ತೇವವೂ ಉಳಿಯುತ್ತದೆ. ನೊರಜಿಗೆ ಅದು ಇನ್ನೂ ಅನುಕೂಲ.

ಬೇವಿನೆಣ್ಣೆ?

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ಬೆರೆಯಲು ನಾಲ್ಕು ಹನಿ ಸೋಪಿನ ದ್ರವ. ಚೆನ್ನಾಗಿ ಕುಲುಕಿ, ಎಲೆಗಲ್ಲ, ಮಣ್ಣಿಗೆ ಹಾಕಿ. ವಾರಕ್ಕೊಂದು ಸಲ, ಮೂರು ವಾರ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಮರಿಹುಳು ಪೊರೆ ಬಿಟ್ಟು ಬೆಳೆಯುವುದನ್ನು ಕೆಡಿಸುತ್ತದೆ. ಹಾಗಾಗಿ ಪರಿಣಾಮ ನಿಧಾನ, ಮರುದಿನವೇ ಹುಳು ಸತ್ತಿಲ್ಲ ಅಂತ ಬೇಜಾರಾಗಬೇಡಿ.

ಬೇವಿನ ಹಿಂಡಿಯನ್ನು ಮಣ್ಣು ಕಲಸುವಾಗಲೇ ಒಂದು ಹಿಡಿ ಸೇರಿಸಿ. ಒದ್ದೆ ಕುಂಡದ ಮೇಲೆ ಉದುರಿಸಿದರೆ ಅದಕ್ಕೇ ಬೂಸ್ಟು ಬಂದು, ಓಡಿಸಬೇಕಾದದ್ದನ್ನು ಕರೆದಂತಾಗುತ್ತದೆ.

ಬಿಟಿಐ ಅಂತ ಒಂದಿದೆಯಂತೆ, ಅದೇನು?

ಪೂರ್ತಿ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ. ಅದು ತನ್ನೊಳಗೆ ಪ್ರೋಟೀನಿನ ಸಣ್ಣ ಹರಳು ಮಾಡಿಕೊಳ್ಳುತ್ತದೆ. ಸೊಳ್ಳೆ, ನೊರಜಿನ ಮರಿಹುಳುಗಳು ತಿಂದಾಗ ಆ ಹರಳು ಹೊಟ್ಟೆಯಲ್ಲಿ ಕರಗಿ, ಕರುಳು ತೂತಾಗಿ ಸಾಯುತ್ತವೆ. ನಮಗೆ, ನಾಯಿ ಬೆಕ್ಕಿಗೆ, ಜೇನಿಗೆ, ಎರೆಹುಳುವಿಗೆ ತೊಂದರೆ ಇಲ್ಲ. ಔಷಧಿ ಅಂತ ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಹೇಳುವುದು.

ಎರಡು ಮಾತು ನೆನಪಿಡಿ. ಅಂಗಡಿಯಲ್ಲಿ ಸುಮ್ನೆ "ಬಿಟಿ ಕೊಡಿ" ಅಂದರೆ ಎಲೆ ತಿನ್ನುವ ಕಂಬಳಿಹುಳುವಿನ ಔಷಧಿ ಕೊಡುತ್ತಾರೆ. ಅದು ಕುರ್ಸ್ಟಾಕಿ ಅನ್ನುವ ಬೇರೆ ಬಗೆ, ನೊರಜಿಗೆ ನಾಟುವುದಿಲ್ಲ. ಸೊಳ್ಳೆ ಮರಿಗೆ ಹಾಕುವ ಬಿಟಿಐ ಅಂತಲೇ ಕೇಳಿ, ಪೊಟ್ಟಣದ ಮೇಲೆ ಇಸ್ರೇಲೆನ್ಸಿಸ್ ಅಂತ ಇದೆಯಾ ನೋಡಿ. ಇನ್ನೊಂದು, ಇದು ಮಣ್ಣಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಮೊಟ್ಟೆಗೂ ಕೋಶಕ್ಕೂ ಏನೂ ಮಾಡುವುದಿಲ್ಲ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಹಾಕಿದರೆ ಆಗಾಗ ಒಡೆದು ಬರುವ ಮರಿಗಳೆಲ್ಲ ಸಿಗುತ್ತವೆ. ಪ್ರಮಾಣ ಪೊಟ್ಟಣದ ಮೇಲೆ ಇದ್ದಂತೆ.

ಹೊರದೇಶದ ಗ್ರೀನ್‌ಹೌಸ್‌ಗಳಲ್ಲಿ ಸ್ಟೈನರ್ನೀಮಾ ಫೆಲ್ಟಿಯೆ ಅನ್ನುವ ಸೂಕ್ಷ್ಮ ಜಂತುಹುಳುವನ್ನೂ ಬಿಡುತ್ತಾರೆ. ನಾಲ್ಕು ಕುಂಡ ಇಟ್ಟವರು ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಹಾಕಬಹುದಾ?

ತುರ್ತಿಗೆ ಒಂದು ಸಲ ಹಾಕಬಹುದು. ಆದರೆ ಅಳತೆ ಜೋಪಾನ. ಇಂಟರ್ನೆಟ್‌ನಲ್ಲಿ ಒಂದು ಪಾಲಿಗೆ ನಾಲ್ಕು ಪಾಲು ನೀರು ಅಂತ ಇರುತ್ತದೆ, ಅದು ಶೇಕಡಾ 3ರ ದ್ರಾವಣದ ಲೆಕ್ಕ. ನಮ್ಮಲ್ಲಿ ಔಷಧಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಶೇಕಡಾ 6ರದ್ದು. ಅದಕ್ಕೆ ಒಂಬತ್ತು ಪಾಲು ನೀರು ಬೇಕು. ಬಾಟಲಿ ಓದಿ. ಮಣ್ಣಿಗೆ ಬಿದ್ದ ಕೂಡಲೇ ಬುಸ್ ಅಂತ ನೊರೆ ಬರುತ್ತದೆ, ತಾಗಿದ ಮರಿಹುಳು ಸಾಯುತ್ತದೆ. ಜೊತೆಗೆ ಮಣ್ಣಿನ ಒಳ್ಳೆಯ ಜೀವಿಗಳೂ ಹೋಗುತ್ತವೆ. ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಹಾಕಿದ ಕುಂಡಕ್ಕೆ ಇದನ್ನು ಹಾಕಬೇಡಿ, ದುಡ್ಡು ಕೊಟ್ಟು ತಂದದ್ದನ್ನು ನೀವೇ ಕೊಂದಂತೆ. ಎಳೆ ಸಸಿಗೂ ಬೇಡ.

ಚಕ್ಕೆ ಪುಡಿ, ಅರಿಶಿನ, ಒಲೆ ಬೂದಿ?

ಚಕ್ಕೆ ಪುಡಿ ಬೂಸ್ಟನ್ನು ಸ್ವಲ್ಪ ತಡೆಯುತ್ತದೆ, ಹುಳುವನ್ನು ಕೊಲ್ಲುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಅರಿಶಿನದ್ದೂ ಅದೇ ಕಥೆ. ಬೂದಿ ಒಣಗಿದ್ದಾಗ ಚೂರು ಉಪಯೋಗ, ಒದ್ದೆಯಾದರೆ ಗಟ್ಟಿ ಪದರ ಕಟ್ಟುತ್ತದೆ. ಮಣ್ಣಿನ ಹುಳಿಯನ್ನೂ ಕಡಿಮೆ ಮಾಡುವುದರಿಂದ ಅಜೇಲಿಯಾದಂಥ ಹುಳಿಮಣ್ಣಿನ ಗಿಡಕ್ಕೆ ಹಾಕಲೇಬೇಡಿ.

ತೋಟಕ್ಕೆ ತಂದ ಕ್ಲೋರ್‌ಪೈರಿಫಾಸ್ ಸ್ವಲ್ಪ ಉಳಿದಿದೆ. ಒಂದು ಮುಚ್ಚಳ ಹಾಕಿದರೆ ಮುಗಿಯಿತಲ್ಲ?

ಬೇಡ. ತೋಟದ ಔಷಧಿ ತೋಟದಲ್ಲಿರಲಿ. ಮಕ್ಕಳು ಆಡುವ, ಊಟದ ಮೇಜಿಗೆ ಹತ್ತಿರದ ಜಗಲಿಗೆ ಅದು ಬರಬಾರದು. ಯಾರಿಗೂ ಕಚ್ಚದ ಹುಳುವಿಗೆ ಅಷ್ಟು ವಿಷ ಯಾಕೆ? ಸೊಳ್ಳೆಗೆ ಹೊಡೆಯುವ ಸ್ಪ್ರೇ ಕೂಡ ಹಾರುವುದನ್ನಷ್ಟೇ ಕೊಲ್ಲುತ್ತದೆ, ಎಲೆಯನ್ನೂ ಸುಡುತ್ತದೆ.

ಕಾಫಿ ಚರಟ, ಅಕ್ಕಚ್ಚು, ಜೀವಾಮೃತ ಎಲ್ಲ ಗಿಡಕ್ಕೆ ಒಳ್ಳೆಯದು ಅಂತ ಹಾಕುತ್ತೇವೆ. ತಪ್ಪಾ?

ತೋಟದಲ್ಲಿ, ತೆಂಗಿನ ಬುಡಕ್ಕೆ, ಬಾಳೆ ಬುಡಕ್ಕೆ ಧಾರಾಳವಾಗಿ ಹಾಕಿ. ಜಗಲಿಯ ಕುಂಡಕ್ಕೆ ಮಳೆಗಾಲದಲ್ಲಿ ಬೇಡ. ಕಾಫಿ ಕುಡಿಯುವ ಊರಲ್ಲಿ ದಿನಾ ಎರಡು ಫಿಲ್ಟರ್ ಚರಟ ಆಗುತ್ತದೆ, ಸುಮ್ನೆ ಬಿಸಾಡಲು ಮನಸ್ಸಾಗುವುದಿಲ್ಲ, ಹತ್ತಿರ ಕಂಡ ಕುಂಡಕ್ಕೆ ಸುರಿಯುತ್ತೇವೆ. ಎರಡು ದಿನದಲ್ಲಿ ಅದರ ಮೇಲೆ ಬೂದು ಬಣ್ಣದ ಬೂಸ್ಟಿನ ಚಾಪೆ. ನೊರಜಿಗೆ ಅದಕ್ಕಿಂತ ಹಬ್ಬದೂಟ ಇಲ್ಲ. ಅಕ್ಕಚ್ಚಿನ ಗಂಜಿ, ಜೀವಾಮೃತದ ಬೆಲ್ಲ, ಸಗಣಿ, ಇವಕ್ಕೂ ಅದೇ ಗತಿ. ಚರಟವನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ. ಪೂರ್ತಿ ಕೊಳೆತು, ಬಿಸಿ ಆರಿ, ಮಣ್ಣಿನ ವಾಸನೆ ಬಂದ ಮೇಲೆ ಕುಂಡಕ್ಕೆ ತನ್ನಿ. ಉದುರಿದ ಹೂ, ಎಲೆಯನ್ನೂ ಕುಂಡದಲ್ಲೇ ಬಿಡಬೇಡಿ.

ಕುಂಡಕ್ಕೆ ಮಣ್ಣು ಹೇಗೆ ಕಲಸಬೇಕು?

ಕಾಫಿ ನರ್ಸರಿಯವರ ಹಳೆಯ ಲೆಕ್ಕ ಗೊತ್ತಲ್ಲ: ಜರಡಿ ಹಿಡಿದ ಕಾಡು ಮಣ್ಣು 6 ಪಾಲು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 2 ಪಾಲು, ಮರಳು 1 ಪಾಲು. ತೋಟಕ್ಕೆ ಹೋಗುವ ಸಸಿಗೆ ಅದು ಸರಿ. ಜಗಲಿಯಲ್ಲಿ ವರ್ಷಗಟ್ಟಲೆ ಇರುವ ಗಿಡಕ್ಕೆ ಮರಳು ಸಾಲದು. ಮಣ್ಣಿನ ಪಾಲು ಇಳಿಸಿ, ಮರಳು, ಇದ್ದಿಲು ಚೂರು, ಇಟ್ಟಿಗೆ ಪುಡಿ ಇಂಥದ್ದನ್ನು ಮೂರನೇ ಒಂದು ಭಾಗದವರೆಗೂ ಹಾಕಿ. ಕೋಕೋಪೀಟ್ ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬಯಲುಸೀಮೆಯವರಿಗೆ ಅದು ವರ, ನಮ್ಮ ಮಳೆಗಾಲಕ್ಕೆ ಅದನ್ನು ಕಡಿಮೆ ಮಾಡುವುದೇ ಒಳ್ಳೆಯದು.

ಕಲಸಿದ ಮಣ್ಣನ್ನು ಬಿಸಿಲಿಗೆ ಬೇಯಿಸಿದರೆ ಇನ್ನೂ ಚೆನ್ನ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಣ್ಣನ್ನು ಸ್ವಲ್ಪ ತೇವ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿ. ಮೊಟ್ಟೆ, ಮರಿ, ಕಳೆ ಬೀಜ, ರೋಗದ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ಆಮೇಲೆ ಚೀಲದಲ್ಲಿ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಕಪ್ಪು ಪ್ಲಾಸ್ಟಿಕ್ ಬೇಡ, ಬಿಸಿಲು ಒಳಗೆ ಹೋಗಬೇಕು.

ಕರಿಮೆಣಸಿನ ಕಡ್ಡಿ ನೆಟ್ಟ ಚೀಲಗಳನ್ನು ತಟ್ಟಿದರೆ ನೊರಜು ಏಳುತ್ತದೆ. ಕಡ್ಡಿ ಕೊಳೆಯುವುದಕ್ಕೆ ಇದೇ ಕಾರಣವಾ?

ಕಾರಣಗಳಲ್ಲಿ ಒಂದಿರಬಹುದು, ಮುಖ್ಯ ಕಾರಣ ಆಗಿರುವುದು ಅಪರೂಪ. ಹಬ್ಬು ಬಳ್ಳಿಯ ಕಡ್ಡಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ ನೆಟ್ಟು, ಬೇರು ಬರಲಿ ಅಂತ ನೆರಳು, ತೇವ ಎರಡನ್ನೂ ಜಾಸ್ತಿ ಕೊಡುತ್ತೇವೆ. ಮರಿಹುಳು ಕತ್ತರಿಸಿದ ತುದಿಯ ಮೆತ್ತಗಿನ ಭಾಗಕ್ಕೆ ಬಾಯಿ ಹಾಕುವುದು ನಿಜ. ಆದರೆ ಎಲೆಯ ಮೇಲೆ ಕಪ್ಪು ಮಚ್ಚೆ, ಕಾಂಡ ಕಪ್ಪಾಗಿ ಒಂದೇ ಸಲ ಹತ್ತಾರು ಚೀಲ ಹೋದರೆ ಅದು ಫೈಟಾಫ್ತೊರಾ ಅನ್ನುವ ಕೊಳೆ ರೋಗ. ನೊರಜಿನ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ. ಸತ್ತ ಚೀಲ ತೆಗೆಯಿರಿ, ನೀರು ಇಳಿಸಿ, ನೆರಳು ಸ್ವಲ್ಪ ಬಿಡಿಸಿ. ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಒಂದು ಚೀಲ ತೋರಿಸಿ ಔಷಧಿ ಕೇಳಿ. ಕಾಫಿ ಸಸಿಗೂ ಹೆಚ್ಚುಕಡಿಮೆ ಇದೇ ಉತ್ತರ.

ಮನೆಯಲ್ಲೇ ಅಣಬೆ ಬೆಳೆಸುತ್ತೇವೆ. ಸಂಬಂಧ ಇದೆಯಾ?

ಇದೆ. ಇದೇ ಕುಟುಂಬದ ನೊಣಗಳು ಅಣಬೆ ಬೆಳೆಗಾರರ ದೊಡ್ಡ ಶತ್ರು. ಅಣಬೆ ಕೋಣೆ ಮತ್ತು ಕುಂಡ ಒಂದೇ ಕಡೆ ಇರಬಾರದು. ಬಳಸಿ ಬಿಟ್ಟ ಅಣಬೆ ಚೀಲವನ್ನು ಗೊಬ್ಬರ ಅಂತ ನೇರ ಕುಂಡಕ್ಕೆ ಹಾಕಲೂಬೇಡಿ.

ಹುಳು ತಿನ್ನುವ ಗಿಡ ಇಟ್ಟರೆ ಸಾಕಾಗುತ್ತದಾ?

ಡ್ರಾಸೆರಾ ಗಿಡದ ಅಂಟಿನ ಎಲೆಗೆ ನೊರಜು ಚೆನ್ನಾಗಿ ಸಿಗುತ್ತದೆ, ನೋಡಲೂ ಮಜಾ. ಪೂರ್ತಿ ಖಾಲಿ ಮಾಡುವುದಿಲ್ಲ. ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೆ ಇದು ಕಾಡಿನಲ್ಲೇ ಬೆಳೆಯುತ್ತದೆ ಅಂತ ಕಿತ್ತು ತರಬೇಡಿ. ಹಾಗೆ ಕಿತ್ತು ತಂದದ್ದು ಕುಂಡದಲ್ಲಿ ಬದುಕುವುದು ಕಷ್ಟ, ಅಲ್ಲಿಯೂ ಇಲ್ಲವಾಗುತ್ತದೆ.

ಒಟ್ಟು ಎಷ್ಟು ದಿನ ಮಾಡಬೇಕು?

ಕನಿಷ್ಠ ನಾಲ್ಕು ವಾರ, ಎಲ್ಲ ಕುಂಡಕ್ಕೂ ಒಟ್ಟಿಗೆ. ಐದು ಕುಂಡಕ್ಕೆ ಮಾಡಿ ಆರನೆಯದನ್ನು ಬಿಟ್ಟರೆ ಅಲ್ಲಿಂದಲೇ ಮತ್ತೆ ಹರಡುತ್ತದೆ. ಮೊದಲ ದಿನ ಆಲೂಗೆಡ್ಡೆ ಇಟ್ಟು ಯಾವ ಕುಂಡದಲ್ಲಿ ಜಾಸ್ತಿ ಅಂತ ನೋಡಿ, ಅದನ್ನು ಬೇರೆ ಇಡಿ. ನೀರು ಇಳಿಸಿ, ಅಂಟು ಇಡಿ, ಬಿಟಿಐ ಅಥವಾ ಬೇವು ವಾರಕ್ಕೊಮ್ಮೆ. ಎರಡನೇ ವಾರ ಅಂಟಿಗೆ ಬೀಳುವುದು ಮೊದಲಿನಷ್ಟೇ ಇರಬಹುದು, ಕೋಶದಲ್ಲಿದ್ದದ್ದು ಹೊರಬರುತ್ತಿರುತ್ತದೆ. ಇಲ್ಲೇ ಹೆಚ್ಚಿನವರು "ಏನೂ ಪ್ರಯೋಜನ ಇಲ್ಲ" ಅಂತ ಬಿಡುವುದು. ಮೂರನೇ ವಾರದಿಂದ ಇಳಿಯುತ್ತದೆ.

ಜುಲೈಯಲ್ಲಿ ಶುರು ಮಾಡಿದವರು ಪೂರ್ತಿ ಹೋಗಬೇಕು ಅಂತ ಹಟ ಹಿಡಿಯಬೇಡಿ. ಹತೋಟಿಯಲ್ಲಿದ್ದರೆ ಸಾಕು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು, ಅಕ್ಟೋಬರಿನ ತುಲಾ ಸಂಕ್ರಮಣದ ಹೊತ್ತಿಗೆ ಬಿಸಿಲು ಬೀಳತೊಡಗಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಮಣ್ಣು ಬದಲಿಸುವ ದೊಡ್ಡ ಕೆಲಸವನ್ನು ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆಯ ಮಳೆ) ಬಿದ್ದ ಮೇಲೆ, ಮೇ ಮುಗಿಯುವ ಮೊದಲು ಇಟ್ಟುಕೊಳ್ಳಿ. ಬೇರು ಹಿಡಿಯಲು ಗಿಡಕ್ಕೂ ಸಮಯ ಸಿಗುತ್ತದೆ.

ಹೊಸ ಗಿಡ ತಂದಾಗ ಏನು ಮಾಡಬೇಕು?

ರಾಜಾಸೀಟ್‌ನ ಫಲಪುಷ್ಪ ಪ್ರದರ್ಶನದಿಂದಲೋ ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಗಿಡವನ್ನು ನೇರ ಗುಂಪಿಗೆ ಸೇರಿಸಬೇಡಿ. ಮೂರು ವಾರ ಬೇರೆ ಇಡಿ, ಒಂದು ಹಳದಿ ಅಂಟಿನ ತುಂಡು ಜೊತೆಗೆ. ಖರೀದಿಸುವಾಗಲೇ ಕುಂಡ ತಟ್ಟಿ ನೋಡಿ. ನಾಲ್ಕು ಹುಳು ಎದ್ದರೆ ಬೇರೆ ಗಿಡ ಆರಿಸಿ. ನೆಂಟರು ಕೊಟ್ಟದ್ದಾದರೆ ಬೇಡ ಅನ್ನಲಾಗುವುದಿಲ್ಲ, ಮನೆಗೆ ತಂದು ಮೇಲಿನ ಎರಡು ಅಂಗುಲ ಮಣ್ಣು ತೆಗೆದು, ಚೀಲದಲ್ಲಿ ಕಟ್ಟಿ ಬಿಸಿಲಿಗೆ ಹಾಕಿ, ಒಣ ಮಣ್ಣು ತುಂಬಿ.